ಏಳನೇ ರೀಲಿನ ಬಗ್ಗೆ ಇಲಾಖೆಯ ಅಭಿಪ್ರಾಯ

ಚಲನಚಿತ್ರ ಅಭಿಪ್ರಾಯ ಇಲಾಖೆಯಲ್ಲಿ ಒಂದು ಅಭಿಪ್ರಾಯ ಒಮ್ಮೆ ದಪ್ಪ ರಿಜಿಸ್ಟರಿಗೆ ಏರಿತೆಂದರೆ ಅದು ಆಮೇಲೆ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಸತ್ಯ ಸಂಗತಿಯಾಗುತ್ತದೆ. ಇದು ಇಲಾಖೆಯ ನಿಯಮಾವಳಿಯ ಮೊದಲ ಪುಟದಲ್ಲೇ ಅಚ್ಚಾಗಿದೆ.

ಎರಡನೇ ಪುಟದಲ್ಲಿ ಕಾಲವಾರು ವಿಂಗಡಣೆ ಇದೆ. ಕಪ್ಪುಬಿಳುಪು ಚಿತ್ರವಾದರೆ "ಅಂಥ ಕಾಲ ಮತ್ತೆ ಬರುವುದಿಲ್ಲ" ಎಂದು ಬರೆಯತಕ್ಕದ್ದು. ಬಣ್ಣ ಬಂದ ಮೊದಲ ಮೂವತ್ತು ವರ್ಷದ ಚಿತ್ರವಾದರೆ "ಹಾಡುಗಳು ಇಂಪಾಗಿವೆ." ಈಗಿನ ಚಿತ್ರವಾದರೆ "ದ್ವಿತೀಯಾರ್ಧ ಎಳೆದಂತಿದೆ." ಪತ್ತೇದಾರಿ ಚಿತ್ರ ಯಾವ ಕಾಲದ್ದೇ ಇರಲಿ, "ಕೊಲೆಗಾರ ಯಾರೆಂದು ಮೊದಲೇ ಗೊತ್ತಾಗಿತ್ತು" ಎಂದು ಸೇರಿಸಬೇಕು. ಭಯದ ಚಿತ್ರಕ್ಕೆ "ಭಯವಾಗಲಿಲ್ಲ" ಅಂದರೆ ಸಾಕು. ಈ ವ್ಯವಸ್ಥೆಯಿಂದಾಗಿ ಇಲಾಖೆಯಲ್ಲಿ ದಿನಕ್ಕೆ ಅರವತ್ತು ಚಿತ್ರಗಳು ವಿಲೇವಾರಿಯಾಗುತ್ತಿದ್ದವು. ಚಿತ್ರ ನೋಡಬಾರದೆಂದು ನಿಯಮವೇನಿರಲಿಲ್ಲ. ನೋಡಲು ಬಯಸುವವರು ರಜೆ ಹಾಕಬೇಕಿತ್ತು, ಅಷ್ಟೆ.

ಇಲಾಖೆಯ ಮುಖ್ಯಸ್ಥರು ಇಪ್ಪತ್ತಾರು ವರ್ಷದಿಂದ ಒಂದು ಚಿತ್ರವನ್ನೂ ನೋಡಿರಲಿಲ್ಲ. "ನೋಡಿದ್ರೆ ಯಾವುದಾದ್ರೂ ಒಂದು ಕಡೆ ವಾಲಿಬಿಡ್ತೀವಿ ಕಣ್ರೀ. ನ್ಯಾಯ ಅನ್ನೋದು ಒಂದಿದೆ," ಎನ್ನುತ್ತಿದ್ದರು. ಅವರ ನಿಷ್ಪಕ್ಷಪಾತವನ್ನು ಮೆಚ್ಚಿ ಸರ್ಕಾರ ಅವರಿಗೆ ಎರಡು ಬಾರಿ ಶಾಲು ಹೊದಿಸಿತ್ತು.

ಇಂಥ ಕಚೇರಿಗೆ ಮೂರನೇ ದರ್ಜೆಯ ತಾತ್ಕಾಲಿಕ ವಿಮರ್ಶಕನಾಗಿ ಒಬ್ಬ ತರುಣ ಹಳ್ಳಿಯಿಂದ ಬಂದಿದ್ದ. ಎದೆ ಬಾಗಿಲಷ್ಟಗಲ, ಮಾತು ಊರಗಲ. ಬಂದ ಮೊದಲ ದಿನವೇ ಕುರ್ಚಿ ಹಿಂದಕ್ಕೆ ತಳ್ಳಿ, "ನಾನು ಹಳೇ ಸಿನಿಮಾನೆಲ್ಲ ನೆಲದ ಟಿಕೆಟ್ಟಲ್ಲಿ ಕೂತು ನೋಡಿದೋನು. ಪರದೆಯಿಂದ ಮೂರು ಮಾರು ದೂರ. ನಾಯಕ ಬೆವೆತರೆ ನನ್ನ ಮುಖಕ್ಕೆ ಹನಿ ಬೀಳ್ತಿತ್ತು," ಎಂದು ಸಾರಿದ. ಅಂದಿನಿಂದ ಕಚೇರಿಯವರು ಅವನನ್ನು ನೆಲದ ಟಿಕೆಟ್ಟು ಎಂದೇ ಕರೆದರು. ಅವನು ಅದನ್ನು ಬಿರುದು ಅಂದುಕೊಂಡ.

ಅವನ ಸೋದರಮಾವ ಊರೂರಿಗೆ ಗುಡಾರ ಹೊತ್ತು ಸಿನಿಮಾ ತೋರಿಸಿದವನು. ಹಾಗಾಗಿ ಅಳಿಯನಿಗೆ ಟಿಕೆಟ್ಟಿನ ಹಂಗೇ ಇರಲಿಲ್ಲ. 'ತಾಯಿಯ ಹೊಲಿಗೆ' ಎಂಬ ಕಪ್ಪುಬಿಳುಪು ಚಿತ್ರವನ್ನು ಅವನು ನಲವತ್ತೊಂದು ಸಲ ನೋಡಿದ್ದ. ಬಟ್ಟೆ ಹೊಲಿದು ಮಕ್ಕಳನ್ನು ಸಾಕುವ ವಿಧವೆಯ ಕತೆ ಅದು. ಹಿರಿಮಗ ಮನೆ ಬಿಟ್ಟು ಹೋಗುತ್ತಾನೆ. ಆರನೇ ರೀಲಿನ ಕೊನೆಗೆ ತಾಯಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಲ್ಲುತ್ತಾಳೆ. ಏಳನೇ ರೀಲಿನಲ್ಲಿ ಮುಸುಕು ತೊಟ್ಟ ವೀರನೊಬ್ಬ ಕುದುರೆ ಏರಿ ಬಂದು ಹನ್ನೊಂದು ಜನ ದರೋಡೆಕೋರರನ್ನು ಕತ್ತಿಯಿಂದ ಸವರಿ ಹಾಕುತ್ತಾನೆ. ಎಂಟನೇ ರೀಲಿನಲ್ಲಿ ತಾಯಿ ಸುಸ್ತಾಗಿ ಗೋಡೆಗೆ ಒರಗಿ ಕೂತಿರುತ್ತಾಳೆ.

ಮಿಕ್ಕವರಿಗೆ ಇದು ಏನೂ ಅನ್ನಿಸಿರಲಿಕ್ಕಿಲ್ಲ. ನೆಲದ ಟಿಕೆಟ್ಟಿಗೆ ಮಾತ್ರ ಒಂಬತ್ತನೇ ವಯಸ್ಸಿಗೇ ಹೊಳೆದುಬಿಟ್ಟಿತ್ತು: ಆ ಮುಸುಕಿನ ವೀರ ಬೇರಾರೂ ಅಲ್ಲ, ತಾಯಿಯೇ.

ಕೆಲಸಕ್ಕೆ ಸೇರಿದ ವಾರದಲ್ಲೇ ಅವನು ಇದನ್ನು ಹದಿನಾಲ್ಕು ಪುಟ ಬರೆದು ಒಪ್ಪಿಸಿದ. 'ಸೂಜಿ ಹಿಡಿದ ಕೈ ಕತ್ತಿ ಹಿಡಿದಾಗ' ಎಂಬುದು ತಲೆಬರಹ. ಮುಖ್ಯಸ್ಥರು ತೂಗಿ ನೋಡಿ, ಭಾರವಾಗಿದೆಯೆಂದು ಮೆಚ್ಚಿ ರಿಜಿಸ್ಟರಿಗೆ ಏರಿಸಿದರು. ಮರುವರ್ಷ ಅದು ಏಳನೇ ತರಗತಿಗೆ ಪಾಠವಾಯಿತು. ಅದರ ಮುಂದಿನ ವರ್ಷ ನಾಲ್ಕು ರಸ್ತೆ ಕೂಡುವಲ್ಲಿ ಕುದುರೆ ಮೇಲೆ ಕೂತ ತಾಯಿಯ ಕಂಚಿನ ಪ್ರತಿಮೆ ಎದ್ದಿತು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ದಾರದುಂಡೆ. ಪ್ರತಿಮೆ ಅನಾವರಣದ ದಿನವೇ ನೆಲದ ಟಿಕೆಟ್ಟಿಗೆ ಖಾಯಂ ನೇಮಕದ ಆದೇಶ ಕೊಡುವುದೆಂದು ತೀರ್ಮಾನವಾಯಿತು. ಅವನು ಊರಿಗೆ ಫೋನು ಮಾಡಿ, "ಅಮ್ಮಾ, ಇನ್ನು ನನ್ನ ಎಬ್ಬಿಸೋಕೆ ಆ ದೇವರ ಕೈಲೂ ಆಗಲ್ಲ," ಎಂದ. "ಬೆಳಿಗ್ಗೆ ನನ್ನ ಕೈಲೂ ಆಗ್ತಿರಲಿಲ್ಲ ಬಿಡು," ಎಂದಳು ತಾಯಿ.

ಅನಾವರಣಕ್ಕೆ ನಾಲ್ಕು ದಿನ ಇದೆ ಅನ್ನುವಾಗ, ಕಚೇರಿಯ ಬಾಗಿಲಲ್ಲಿ ಒಬ್ಬ ಮುದುಕಿ ತಗಡಿನ ಪೆಟ್ಟಿಗೆಯೊಂದಿಗೆ ಬಂದಿಳಿದಳು. ಆ ಚಿತ್ರದಲ್ಲಿ ತಾಯಿಯಾಗಿ ನಟಿಸಿದ್ದವಳು ಅವಳೇ. ಪೆಟ್ಟಿಗೆಯಲ್ಲಿ 'ತಾಯಿಯ ಹೊಲಿಗೆ'ಯ ಹನ್ನೆರಡೂ ರೀಲುಗಳಿದ್ದವು.

"ಹೊದಿಸಿದ ಬಟ್ಟೆ ಎತ್ತಿ ಪ್ರತಿಮೆ ನೋಡಿದೆ," ಎಂದಳು, ಕುರ್ಚಿಯಲ್ಲಿ ಕೂರುತ್ತ. "ಕುದುರೆ ಯಾಕಪ್ಪ?"

"ತಾವು ಹತ್ತಿದ್ದು, ಅಮ್ಮ," ಎಂದ ನೆಲದ ಟಿಕೆಟ್ಟು, ಹೆಮ್ಮೆಯಿಂದ.

"ನಾನಾ? ಕುದುರೆ ಕಂಡ್ರೆ ಬೀದಿ ಬದಲಾಯಿಸೋಳು ನಾನು."

ನೆಲದ ಟಿಕೆಟ್ಟು ನಕ್ಕ. ದೊಡ್ಡ ಕಲಾವಿದರಿಗೆ ಮರೆವು ಸಹಜ. "ರೀಲು ಹಾಕಿಸ್ತೀನಿ, ತಾವೇ ನೋಡಿ. ಏಳನೇ ರೀಲಲ್ಲಿ ಬರುತ್ತೆ, ಕಣ್ಣು ಮಿಟುಕಿಸಬೇಡಿ," ಎಂದು ಅರ್ಧ ದಿನ ರಜೆ ಹಾಕಿ ಕಚೇರಿಯ ಹಿಂದಿನ ಪುಟ್ಟ ಪ್ರದರ್ಶನ ಕೋಣೆಗೆ ಕರೆದೊಯ್ದ. ಅಲ್ಲಿ ಕುರ್ಚಿಗಳಿಗಿಂತ ಹಳೆ ಕಡತಗಳೇ ಹೆಚ್ಚಿದ್ದವು. ಇಬ್ಬರೂ 'ಭಯವಾಗಲಿಲ್ಲ' ಎಂಬ ಕಡತದ ಕಟ್ಟುಗಳ ಮೇಲೆ ಕೂತರು.

ಆರನೇ ರೀಲು ಮುಗಿಯಿತು. ತಾಯಿ ಯಂತ್ರ ನಿಲ್ಲಿಸಿ ಎದ್ದಳು. ನೆಲದ ಟಿಕೆಟ್ಟು ಮೊಣಕೈಯಿಂದ ಮುದುಕಿಯನ್ನು ತಿವಿದು, "ಈಗ!" ಎಂದ.

ಏಳನೇ ರೀಲಿನಲ್ಲಿ ಕುದುರೆ ಬರಲಿಲ್ಲ. ತಾಯಿ ಕಿಟಕಿಯ ಬಳಿ ಬಂದಳು. ಬೀದಿಯನ್ನು ನೋಡುತ್ತ ನಿಂತಳು. ಬೀದಿಯಲ್ಲಿ ಯಾರೋ ಬಂದರು, ಮಗನಲ್ಲ. ಮತ್ತಾರೋ ಬಂದರು, ಅದೂ ಮಗನಲ್ಲ. ಮಗನಿಗೆಂದು ಹೊಲಿದಿಟ್ಟ ಅಂಗಿಯ ಗುಂಡಿಯನ್ನು ಅವಳ ಬೆರಳು ತಿರುವುತ್ತಲೇ ಇತ್ತು. ಹತ್ತು ನಿಮಿಷ ಹೀಗೇ. ಕೊನೆಗೆ ಗುಂಡಿ ಕಿತ್ತು ಕೈಗೆ ಬಂತು. ಅವಳು ಅದನ್ನೇ ನೋಡಿದಳು, ಕಿಟಕಿ ಮುಚ್ಚಿದಳು, ಸೂಜಿಗೆ ದಾರ ಪೋಣಿಸಿ ಗುಂಡಿ ಹಾಕಲು ಗೋಡೆಗೊರಗಿ ಕೂತಳು. ಅಷ್ಟೆ.

ನೆಲದ ಟಿಕೆಟ್ಟು ಹುಟ್ಟಿದಾಗ ಅತ್ತವನು, ಆಮೇಲೆ ಅತ್ತಿದ್ದಕ್ಕೆ ಸಾಕ್ಷಿಯಿಲ್ಲ ಎಂದು ಊರಲ್ಲಿ ಕೊಚ್ಚಿಕೊಳ್ಳುತ್ತಿದ್ದವನು. ಈಗ 'ಭಯವಾಗಲಿಲ್ಲ' ಕಟ್ಟಿನ ಮೇಲೆ ಕೂತು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

"ಕುದುರೆ ಎಲ್ಲಪ್ಪ?" ಎಂದಳು ಮುದುಕಿ.

"ಧೂಳು ಇಲ್ಲಿ, ಕಣ್ಣಿಗೆ ಬಿತ್ತು," ಎಂದ ಅವನು.

ಹೊರಗೆ ಬಂದವನೇ ಮಾವನಿಗೆ ಫೋನು ಮಾಡಿದ. "ಮಾವ, ತಾಯಿಯ ಹೊಲಿಗೆ ಏಳನೇ ರೀಲು ಯಾವುದು ಹಾಕ್ತಿದ್ದೆ ನೀನು?"

"ಯಾಕೋ?"

"ಯಾವುದು ಹಾಕ್ತಿದ್ದೆ ಹೇಳು."

"ಅದನ್ನ ಇಲಿ ತಿಂದಿತ್ತಲ್ಲೋ. ಇನ್ಯಾವುದೋ ಹೊಡೆದಾಟದ ಸಿನಿಮಾದ್ದು ಒಂದು ರೀಲು ಬಿದ್ದಿತ್ತು, ಅದನ್ನೇ ತುರುಕಿದೆ. ಹನ್ನೆರಡು ರೀಲು ಅಂತ ಡಂಗುರ ಹೊಡಿಸಿ ಹನ್ನೊಂದು ತೋರಿಸೋಕಾಗುತ್ತಾ? ನಂಗೂ ಮಾನ ಮರ್ಯಾದೆ ಇದೆ."

"ಯಾರೂ ಕೇಳ್ಲಿಲ್ವಾ?"

"ಕೇಳೋದಾ? ಆ ರೀಲಿಗೆ ಶಿಳ್ಳೆ ಬಿದ್ದಷ್ಟು ಯಾವುದಕ್ಕೂ ಬೀಳ್ಲಿಲ್ಲ. ಹೌದು, ನಿಂಗೆ ಖಾಯಂ ಆಯ್ತಾ?"

ನೆಲದ ಟಿಕೆಟ್ಟು ಫೋನು ಇಟ್ಟ. ಸುಮ್ಮನಿದ್ದರೆ ಖಾಯಂ. ಬಾಯಿಬಿಟ್ಟರೆ ಊರ ಬಸ್ಸು. ಆದರೆ ಆ ಗುಂಡಿ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಎದೆ ಸೆಟೆಸಿಕೊಂಡು ನೇರ ಮುಖ್ಯಸ್ಥರ ಕೋಣೆಗೆ ನುಗ್ಗಿದ.

"ಸಾರ್, ನಾನು ಬರೆದದ್ದು ತಪ್ಪು. ತಾಯಿ ಕುದುರೆ ಹತ್ತಲೇ ಇಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ತಪ್ಪು ಅಂತ ಹೇಳೋಕೆ ನೀವ್ಯಾರ್ರೀ?"

"ಬರೆದೋನು ನಾನೇ ಸಾರ್!"

"ಅದು ಗೊತ್ತು. ನಿಮ್ಮ ದರ್ಜೆ ಯಾವುದು? ತಾತ್ಕಾಲಿಕ. ತಪ್ಪು ಒಪ್ಪಿಕೊಳ್ಳೋ ಅಧಿಕಾರ ಖಾಯಂ ನೌಕರರಿಗೆ ಮಾತ್ರ. ನಿಯಮ ಮೂವತ್ತೆರಡು."

"ಹಾಗಾದ್ರೆ ಖಾಯಂ ಆದ್ಮೇಲೆ ಒಪ್ಪಿಕೊಳ್ತೀನಿ."

"ಒಪ್ಕೊಳ್ಳಿ. ಆದ್ರೆ ನಿಮ್ಮನ್ನ ಖಾಯಂ ಮಾಡ್ತಿರೋದು ಆ ಅಭಿಪ್ರಾಯ ಸರಿ ಅನ್ನೋ ಆಧಾರದ ಮೇಲೆ. ತಪ್ಪು ಅಂದ ಗಳಿಗೆಗೆ ಖಾಯಂ ಹೋಗುತ್ತೆ, ಖಾಯಂ ಹೋದ್ರೆ ಒಪ್ಪಿಕೊಂಡದ್ದು ಊರ್ಜಿತ ಆಗಲ್ಲ. ಅಭಿಪ್ರಾಯ ಮತ್ತೆ ಸರಿಯಾಗುತ್ತೆ." ಅವರು ಕನ್ನಡಕ ಏರಿಸಿಕೊಂಡು ಮೃದುವಾಗಿ ಕೇಳಿದರು: "ನೀವು ಸಿನಿಮಾ ನೋಡಿದ್ರಾ?"

ನೆಲದ ಟಿಕೆಟ್ಟು ತಲೆ ತಗ್ಗಿಸಿದ.

"ಅದಕ್ಕೇ ಹೇಳೋದು," ಎಂದರು ಮುಖ್ಯಸ್ಥರು.

ಆದರೂ ವಿಷಯ ಕಿವಿಗೆ ಬಿದ್ದ ಮೇಲೆ ಇಲಾಖೆ ಕೈಕಟ್ಟಿ ಕೂರುವಂತಿರಲಿಲ್ಲ. ಮರುದಿನವೇ ವಿಚಾರಣೆ ನಡೆಯಿತು. ಮುದುಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಲಾಯಿತು.

"ತಾವು ಕುದುರೆ ಹತ್ತಿಲ್ಲ ಅಂತ ತಮ್ಮ ಹೇಳಿಕೆ?" ಎಂದರು ಮುಖ್ಯಸ್ಥರು.

"ಹೇಳಿಕೆ ಗೀಳಿಕೆ ಏನಿಲ್ಲ ಸ್ವಾಮಿ, ಹತ್ತಿಲ್ಲ."

"ಹತ್ತಿಲ್ಲ ಅನ್ನೋದಕ್ಕೆ ದಾಖಲೆ?"

"ಹತ್ತದೇ ಇದ್ದದ್ದಕ್ಕೆ ಎಲ್ಲಿಂದ ದಾಖಲೆ ತರ್ಲಿ? ನೀವು ಹಿಮಾಲಯ ಹತ್ತಿಲ್ವಲ್ಲ, ತೋರಿಸಿ ದಾಖಲೆ."

ಇದು ವಿಚಾರಣೆಗೆ ಸಂಬಂಧಿಸಿದ್ದಲ್ಲವೆಂದು ಕಡತದಿಂದ ತೆಗೆದುಹಾಕಲಾಯಿತು. ಹತ್ತಿದ್ದಕ್ಕಾದರೋ ಮೂರು ದಾಖಲೆಗಳಿದ್ದವು: ರಿಜಿಸ್ಟರು, ಏಳನೇ ತರಗತಿಯ ಪಾಠ, ಒಂದೂವರೆ ಟನ್ ಕಂಚು. ಇಲಾಖೆ ಎರಡೂ ಕಡೆಯನ್ನು ತೂಗಿ ಈ ಕೆಳಗಿನ ಆದೇಶ ಹೊರಡಿಸಿತು:

"ಅಭಿಪ್ರಾಯಕ್ಕೂ ಚಿತ್ರಕ್ಕೂ ವ್ಯತ್ಯಾಸ ಕಂಡುಬಂದಿರುವುದರಿಂದ, ಚಿತ್ರವನ್ನು ಅಭಿಪ್ರಾಯಕ್ಕೆ ಅನುಗುಣವಾಗಿ ಸರಿಪಡಿಸತಕ್ಕದ್ದು. ಗುಡಾರ ಪ್ರದರ್ಶಕರ ಬಳಿ ಇರುವ ಏಳನೇ ರೀಲೇ ಅಧಿಕೃತ ಏಳನೇ ರೀಲು. ಪೆಟ್ಟಿಗೆಯಲ್ಲಿ ಬಂದಿರುವ ಏಳನೇ ರೀಲು ಅಕ್ರಮ ಪ್ರವೇಶ ಮಾಡಿದ್ದು, ಅದನ್ನು ಪ್ರತ್ಯೇಕಿಸಿ ಇಡತಕ್ಕದ್ದು."

ಮಾವ ಊರಿಂದ ರೀಲನ್ನು ಮಡಿಲಲ್ಲಿಟ್ಟುಕೊಂಡು ಬಂದ. ಅವನಿಗೆ 'ಪೂರ್ವಕಾಲದ ಚಿತ್ರಗಳ ಗೌರವ ಸಂಕಲನಕಾರ' ಎಂಬ ಪದವಿ ಕೊಟ್ಟರು. "ಇನ್ನೂ ಮೂರ್ನಾಲ್ಕು ಸಿನಿಮಾಕ್ಕೆ ಹೀಗೇ ಮಾಡಿದ್ದೀನಿ ಸಾರ್," ಎಂದ ಅವನು ಸಂಕೋಚದಿಂದ. ಮುಖ್ಯಸ್ಥರು ಎದ್ದು ಕೈಕುಲುಕಿದರು.

ಅನಾವರಣದ ದಿನ ತೆರೆದ ಮೈದಾನದಲ್ಲಿ ಪರದೆ ಕಟ್ಟಿ ಸರಿಪಡಿಸಿದ ಚಿತ್ರ ತೋರಿಸಿದರು. ಕುದುರೆ ಬಂದಾಗ ಶಿಳ್ಳೆಗೆ ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಮುದುಕಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಏಳನೇ ತರಗತಿಯ ಹುಡುಗಿಯರು ಮುತ್ತಿಕೊಂಡು ಸಹಿ ಕೇಳಿದರು. ಒಬ್ಬಳು ಅವಳ ಕೈಯನ್ನು ಮುಟ್ಟಿ, "ಇದೇ ಕೈನಾ ಅಜ್ಜಿ? ಹನ್ನೊಂದು ಜನಾನೂ?" ಎಂದಳು. ಮುದುಕಿ ಅವಳನ್ನೇ ನೋಡಿದಳು. ಐವತ್ತು ವರ್ಷದಲ್ಲಿ ಆ ಕೈಯನ್ನು ಹಾಗೆ ಯಾರೂ ಮುಟ್ಟಿರಲಿಲ್ಲ.

ನೆಲದ ಟಿಕೆಟ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಖಾಯಂ ಆದೇಶ ಜೇಬಿನಲ್ಲಿತ್ತು. "ಅಮ್ಮ," ಎಂದು ಪಿಸುಗುಟ್ಟಿದ, "ಆ ಗುಂಡಿ, ಆ ಕಿಟಕಿ. ಅದೇ ಸಿನಿಮಾ ಅಮ್ಮ. ನಾವಿಬ್ರೂ ಸೇರಿ ಹೇಳಿದ್ರೆ ಪತ್ರಿಕೆಯವರಾದ್ರೂ ಕೇಳ್ತಾರೆ. ಕೆಲಸ ಹೋದ್ರೆ ಹೋಗ್ಲಿ."

ಮುದುಕಿ ಬಹಳ ಹೊತ್ತು ಕುದುರೆ ಪ್ರತಿಮೆಯ ಕಡೆ ನೋಡಿದಳು. ಆಮೇಲೆ ಮಂಡಿಯನ್ನು ಮೆಲ್ಲಗೆ ನೀವಿಕೊಂಡಳು.

"ಬಿಡಪ್ಪ. ಆವತ್ತು ಆ ಕುದುರೆ ಮೇಲಿಂದ ಬಿದ್ದದ್ದು, ಚಳಿ ಬಂದ್ರೆ ಈಗ್ಲೂ ಹಿಡ್ಕೊಳ್ಳುತ್ತೆ."

ಮರುವಾರ ಪ್ರತ್ಯೇಕಿಸಿ ಇಟ್ಟಿದ್ದ ರೀಲಿನ ಪ್ರಶ್ನೆ ಎದ್ದಿತು. ಇಲಾಖೆಯಲ್ಲಿ ಯಾವ ರೀಲೂ ಹೆಸರಿಲ್ಲದೆ ಇರಬಾರದು. ಅದಕ್ಕೆ 'ಕಿಟಕಿ' ಎಂದು ಹೆಸರಿಟ್ಟು, ನಿರ್ದೇಶಕರು ಗೊತ್ತಿಲ್ಲ, ನಟಿ ಗೊತ್ತಿಲ್ಲ, ಅವಧಿ ಹತ್ತು ನಿಮಿಷ ಎಂದು ಹೊಸ ಚಿತ್ರವಾಗಿ ನೋಂದಾಯಿಸಿದರು. ನೋಂದಣಿಯ ದಿನಾಂಕವೇ ಚಿತ್ರದ ದಿನಾಂಕ. ಆದ್ದರಿಂದ ಅದು ಈಗಿನ ಕಾಲದ ವಿಭಾಗಕ್ಕೆ ಬಿತ್ತು.

ಕಡತ ಖಾಯಂ ವಿಮರ್ಶಕನ ಮೇಜಿಗೆ ಬಂತು. ಅವನು ಅದನ್ನು ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಎದುರಿಗಿಟ್ಟುಕೊಂಡು ಕೂತ. ಅಂಗಿಯ ಗುಂಡಿಯೊಂದನ್ನು ತಿರುವುತ್ತಲೇ ಇದ್ದ. ಆಚೆಯ ಮೇಜಿನವರು, "ಏನ್ರೀ ನೆಲದ ಟಿಕೆಟ್ಟು, ಖಾಯಂ ಆದ್ಮೇಲೆ ಕೈ ನಿಧಾನ ಆಯ್ತಾ?" ಎಂದು ನಕ್ಕರು. ಗುಂಡಿ ಕಿತ್ತು ಕೈಗೆ ಬಂತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಲೇಖನಿ ಬಿಚ್ಚಿ, ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಮಾಡಿದ:

"ದ್ವಿತೀಯಾರ್ಧ ಎಳೆದಂತಿದೆ."