ನಮ್ಮ ಚಿಕ್ಕಿ ಬಲು ಹಟಮಾರಿ

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕುದುರೆಯ ಮೇಲೆ ಕಾಣಿಸಿಕೊಳ್ಳುವವನು ಒಂದೋ ಮದುಮಗನಾಗಿರಬೇಕು, ಇಲ್ಲವೇ ತಲೆಕೆಟ್ಟವನಾಗಿರಬೇಕು ಎಂಬುದು ನಮ್ಮೂರಿನವರ ತಿಳಿವಳಿಕೆ. ನನ್ನ ವಿಷಯದಲ್ಲಿ ಅವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ನಾನು ಕುದುರೆಯ ಮೇಲೆ ಕಾಣಿಸಿಕೊಂಡದ್ದಕ್ಕಿಂತ ಅದರ ಕೆಳಗೆ, ಬದಿಗೆ, ಮುಳ್ಳುಬೇಲಿಯ ಒಳಗೆ ಕಾಣಿಸಿಕೊಂಡದ್ದೇ ಹೆಚ್ಚು. ಕುದುರೆ ಎಂದ ಕೂಡಲೇ ನೀವು ಅರಮನೆ, ರಾಜಕುಮಾರ ಎಂದೆಲ್ಲ ಊಹಿಸಿಕೊಳ್ಳಬೇಡಿ. ನಮ್ಮದು ಕುರಿ ಕಾಯುವ ಮನೆಯ ತಟ್ಟು. ಎತ್ತರ ನನ್ನ ಎದೆಗೂ ಬರುವುದಿಲ್ಲ. ಅಷ್ಟು ಗಿಡ್ಡ ಪ್ರಾಣಿಯ ಮೇಲಿಂದ ಬಿದ್ದರೆ ಪೆಟ್ಟು ಕಡಿಮೆ, ನಗುವ ಜನ ಮಾತ್ರ ಜಾಸ್ತಿ.

ಅದರ ಹೆಸರು ಚಿಕ್ಕಿ. ಹಣೆಯ ಮೇಲೆ ಬಿಳಿ ಚುಕ್ಕೆಯಿರುವುದರಿಂದ ಅಪ್ಪನೇ ಇಟ್ಟ ಹೆಸರು. ಚಿಕ್ಕಿಯ ತಾಯಿ ಕೆಂಚಿ. ದೀಪಾವಳಿ ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಕುರಿಗಳು ತೆಲಿಗಿಯ ಕಡೆಯ ನಮ್ಮ ಹಳ್ಳಿ ಬಿಟ್ಟು ಹಂಪಸಾಗರದ ಹೊಳೆ ದಂಡೆಗೆ ಮೇಯಲು ಹೋಗುತ್ತವೆ. ಮಳೆಗಾಲ ಶುರುವಾಗುವಾಗ ವಾಪಸು ಬರುತ್ತವೆ. ಕಂಬಳಿ, ಪಾತ್ರೆ, ಬಲೆ, ದಾರಿಯಲ್ಲಿ ಹುಟ್ಟಿದ ಕುರಿಮರಿ ಎಲ್ಲವನ್ನೂ ಹೊತ್ತು ಕೆಂಚಿ ಮುಂದೆ ನಡೆಯುತ್ತಿತ್ತು. ಅದರ ಕೊರಳಲ್ಲಿ ಒಂದು ಹಿತ್ತಾಳೆ ಗಂಟೆ. ಆ ಗಂಟೆಯ ಸದ್ದು ಹಿಡಿದು ಕುರಿ ಬರಬೇಕು, ಕುರಿಯ ಹಿಂದೆ ನಾಯಿ ಬರಬೇಕು, ಎಲ್ಲರ ಹಿಂದೆ ಮಾವ ಬೈಯುತ್ತ ಬರಬೇಕು. ಮಾವ ಎಂದರೆ ಅವ್ವನ ತಮ್ಮ, ಹಿಂಡಿನಲ್ಲಿ ಅರ್ಧ ಪಾಲಿನವನು. ನಾನು ಈ ಮೆರವಣಿಗೆಯಲ್ಲಿ ಇರಲಿಲ್ಲ. ಡಿಗ್ರಿ ಮುಗಿಸಿ ಹರಪನಹಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ ಫೋನುಗಳಿಗೆ ಗಾಜು ಅಂಟಿಸುತ್ತ, ಕುರಿ ವಾಸನೆ ಹೋಗಲೆಂದು ಮೈಗೆ ಸೆಂಟು ಹೊಡೆದುಕೊಳ್ಳುತ್ತ ಇದ್ದೆ.

ಈ ಸಲ ಮುಂಗಾರಿಗೆ ಹಿಂಡು ವಾಪಸು ಬರುವಾಗ, ಇನ್ನೇನು ಊರು ಬಂತು ಎನ್ನುವಷ್ಟರಲ್ಲಿ, ಹಳ್ಳದ ಸೇತುವೆಯ ಮೇಲೆ ಮಳೆಯಲ್ಲಿ ಬಂದ ಲಾರಿ ಕೆಂಚಿಗೂ ಅದರ ಹಗ್ಗ ಹಿಡಿದಿದ್ದ ಅಪ್ಪನಿಗೂ ಹೊಡೆಯಿತು. ಇಬ್ಬರೂ ಅಲ್ಲೇ ಹೋದರು. ಫೋನು ಬಂದಾಗ ನಾನು ಯಾರದೋ ಮೊಬೈಲಿನ ಗಾಜಿನ ಕೆಳಗಿನ ಗುಳ್ಳೆಯನ್ನು ಉಗುರಿನಿಂದ ಒತ್ತುತ್ತಿದ್ದೆ. ಮುಂದೆ ನಡೆಯುತ್ತಿದ್ದವರಲ್ಲಿ ಆ ಸೇತುವೆ ದಾಟಿ ಮನೆಗೆ ಬಂದದ್ದು, ತಾಯಿಯ ಬಾಲಕ್ಕೆ ಮೂತಿ ತಾಗಿಸಿಕೊಂಡು ನಡೆಯುತ್ತಿದ್ದ ಚಿಕ್ಕಿ ಒಂದೇ. ಬಾಗಿಲಲ್ಲಿ ಒಬ್ಬಳೇ ನಿಂತಿದ್ದ ಅವ್ವನಿಗೆ ಸುದ್ದಿ ಮುಟ್ಟಿಸಿದ್ದೂ ಒಂದು ರೀತಿಯಲ್ಲಿ ಅದೇ.

ಅಪ್ಪನ ಕೋಲು, ಕಂಬಳಿ ನನ್ನ ಪಾಲಿಗೆ ಬಂದವು. ಕೆಂಚಿಯ ಹೇರು, ಗಂಟೆ ಚಿಕ್ಕಿಯ ಪಾಲಿಗೆ ಬಂದವು. ನಮ್ಮ ಮನೆಯಲ್ಲಿ ಇದು ಹಿಂದಿನಿಂದ ಬಂದದ್ದು: ತಾಯಿಯ ಗಂಟೆ ಮರಿಯ ಕೊರಳಿಗೆ. ಕುರಿಗಳಿಗೆ ಸದ್ದು ಬದಲಾಗಬಾರದು, ಅಷ್ಟೇ. ಮೂರು ವರ್ಷದ ಚಿಕ್ಕಿಗೆ ಗಂಟೆ ಕಟ್ಟಿ, ಮೇಲೆ ನನ್ನನ್ನು ಕೂರಿಸಿ, ಮಾವ ಹಗ್ಗ ಬಿಟ್ಟ. ಮನುಷ್ಯನನ್ನು ಹೊತ್ತ ಕುದುರೆ ಆಮೇಲೆ ಏನನ್ನು ಬೇಕಾದರೂ ಹೊರುತ್ತದೆ ಎಂಬುದು ಅವನ ಲೆಕ್ಕಾಚಾರ. ಚಿಕ್ಕಿ ನಾಲ್ಕು ಹೆಜ್ಜೆ ಇಟ್ಟಿತು, ನಿಂತಿತು, ಕತ್ತು ತಿರುಗಿಸಿ ಅತ್ತ ಇತ್ತ ನೋಡಿತು. ಆಮೇಲೆ ಅದು ನೆಗೆದ ನೆಗೆತಕ್ಕೆ ನಾನು ಬೇಲಿಯಲ್ಲಿದ್ದೆ, ಅದು ಸೇತುವೆಯ ದಾರಿ ಹಿಡಿದಿತ್ತು. ಮರುದಿನವೂ ಹಾಗೆಯೇ. ಅದರ ಮರುದಿನವೂ. ಊರಿನ ಕಟ್ಟೆಯ ಮೇಲೆ ಕುಳಿತವರು, "ಏನಲೇ ಮೈಲಾರಿ, ನೀ ಕುದುರಿ ಓಡಿಸ್ತೀಯೋ, ಕುದುರಿ ನಿನ್ನ ಓಡಿಸ್ತೈತೋ?" ಎಂದು ಕೇಳತೊಡಗಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

"ದೀಪಾವಳಿ ತನಕ ನೋಡ್ತೀನಿ," ಎಂದ ಮಾವ. "ಆಮ್ಯಾಲ ದಲಾಲಿ ಕೈಗೆ ಕೊಡಾದ. ಇಟ್ಟಂಗಿ ಬಟ್ಟಿಗೆ ಬೇಕಂತ ಕೇಳಾಕತ್ಯಾರ."

ಇಟ್ಟಿಗೆ ಬಟ್ಟಿಗೆ ಹೋದ ತಟ್ಟು ಎಷ್ಟು ದಿನ ಬದುಕುತ್ತದೆ ಎಂಬುದು ಅವ್ವನಿಗೂ ಗೊತ್ತು, ಮಾವನಿಗೂ ಗೊತ್ತು. ಒಲೆಯ ಮುಂದೆ ಕುಳಿತಿದ್ದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ಸತ್ತ ದಿನವೂ ನನ್ನ ಮುಂದೆ ಅಳದ ಅವ್ವ ಹೀಗೆ ಕೈ ನಿಲ್ಲಿಸಿ ಕುಳಿತದ್ದು ನೋಡಿ ನನಗೆ ಹೆದರಿಕೆಯಾಯಿತು. ಹಾಗಾಗಿ ಚಿಕ್ಕಿಯನ್ನು ಪಳಗಿಸುವವರನ್ನು ಹುಡುಕಿಕೊಂಡು ಹೊರಟೆ.

ಮೊದಲು ಮೊಬೈಲು. ಅದರಲ್ಲಿ ಹೆಲ್ಮೆಟ್ಟು ಹಾಕಿದ ಒಬ್ಬ ವಿದೇಶಿ ಹೆಣ್ಣುಮಗಳು ತನ್ನ ಕುದುರೆಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದಕ್ಕೆ ಅದು ಹಸುಗೂಸಿನಂತೆ ಅವಳ ಭುಜಕ್ಕೆ ಒರಗಿತು. ನಾನೂ ಚಿಕ್ಕಿಯ ಕಿವಿಯಲ್ಲಿ ಪಿಸುಗುಟ್ಟಿದೆ. ಅದು ನನ್ನ ಅಂಗಿಯ ಕಾಲರನ್ನು ಕಿತ್ತು ಸಾವಕಾಶವಾಗಿ ಅಗಿಯಿತು. ಆಮೇಲೆ ದನದ ಡಾಕ್ಟರು. ಅವರು ಚಿಕ್ಕಿಯ ಹಲ್ಲು, ಗೊರಸು, ಹೊಟ್ಟೆ ನೋಡಿ, ಜಂತುಹುಳದ ಔಷಧಿ ಕುಡಿಸಿ, "ಇದಕ್ಕೇನೂ ಆಗಿಲ್ಲಪ್ಪ, ಗಟ್ಟಿಮುಟ್ಟಾಗೈತಿ" ಎಂದರು. ನಂತರ ನನ್ನ ತರಚಿದ ಮೊಣಕೈ, ಊದಿದ ಮಂಡಿಗಳ ಮೇಲೆ ಅವರ ದೃಷ್ಟಿ ಬಿತ್ತು. ಕರುಣೆಯಿಂದ ಒಂದು ಮುಲಾಮು ಕೊಟ್ಟರು. ಮನೆಗೆ ಬಂದು ನೋಡಿದರೆ ಡಬ್ಬಿಯ ಮೇಲೆ ಎಮ್ಮೆಯ ಚಿತ್ರವಿತ್ತು. ಹಚ್ಚಿಕೊಂಡೆ. ಸುಳ್ಳು ಯಾಕೆ ಹೇಳಲಿ, ಎರಡೇ ದಿನಕ್ಕೆ ಗುಣ ಕಂಡಿತು.

ಕೊನೆಗೆ ಸಿಕ್ಕವನು ಕೊಟ್ಟೂರಿನ ಖಾದರ್‌ಸಾಬ್. ಮದುಮಕ್ಕಳ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆ ಕೊಡುವವನು. ಶ್ರಾವಣದಲ್ಲಿ ತೆಲಿಗಿಯ ಒಂದು ಮದುವೆಗೆ ಬಂದಿದ್ದಾಗ ಚಿಕ್ಕಿಯನ್ನು ಹಿಡಿದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದೆ. ಮಿಣಮಿಣ ಜೂಲು ಹೊದ್ದು, ತಲೆಗೆ ಗರಿ ಸಿಕ್ಕಿಸಿಕೊಂಡು, ಬ್ಯಾಂಡಿನವರ ಪಕ್ಕದಲ್ಲೇ ತೂಕಡಿಸುತ್ತಿದ್ದ ಅವನ ಕುದುರೆ ಚಿಕ್ಕಿಯ ಗಂಟೆ ಕೇಳಿ ಕಿವಿ ನಿಮಿರಿಸಿತು. "ಮೊದ್ಲು ಆ ಗಂಟಿ ಬಿಚ್ಚಪಾ, ನಮ್ದು ಬೆದರತೈತಿ. ಮ್ಯಾಲೆ ಮದುಮಗ ಅದಾನ, ಬಿದ್ದರ ನನಗ ಬಡೀತಾರ," ಎಂದ ಖಾದರ್‌ಸಾಬ್. ಬಿಚ್ಚಿದೆ. ಮೆರವಣಿಗೆ ಮುಗಿದ ಮೇಲೆ ಅವನು ಚಿಕ್ಕಿಯ ಕತ್ತು ಸವರಿ, ನನಗೆ, "ಹತ್ತು" ಎಂದ. ಹತ್ತಿದೆ. ಚಿಕ್ಕಿ ಮಿಸುಕಲಿಲ್ಲ. ಶಾಲೆಯ ಮೈದಾನದಲ್ಲಿ ಒಂದು ಸುತ್ತು ನಡೆಯಿತು, ಇನ್ನೊಂದು ಸುತ್ತು ನಡೆಯಿತು. ನನ್ನ ಕಣ್ಣಲ್ಲಿ ನೀರು ಬಂತು. ಖಾದರ್‌ಸಾಬನ ಕೈಯಲ್ಲಿ ಏನೋ ಮಂತ್ರವಿದೆ ಎಂದು ನಂಬಿ ಅವನ ಕಾಲು ಮುಟ್ಟಲು ಬಗ್ಗಿದೆ. "ಏ, ಏಳಪಾ, ನಾ ಏನ್ ಮಾಡೀನಿ? ಪಾಪದ ಕುದುರಿ ಐತಿ," ಎಂದು ಅವನೇ ಗಾಬರಿಯಾದ.

ಊರ ಹತ್ತಿರ ಬರುವತನಕ ನಾನು ಅದರ ಮೇಲೆಯೇ ಇದ್ದೆ. ಮನೆಯ ಮುಂದೆ ಠೀವಿಯಿಂದ ಇಳಿಯಬೇಕು, ಕಟ್ಟೆಯವರು ನೋಡಬೇಕು ಎಂಬ ಆಸೆಗೆ ಗಂಟೆಯನ್ನು ಮತ್ತೆ ಅದರ ಕೊರಳಿಗೆ ಕಟ್ಟಿ ಹತ್ತಿದೆ. ಕಟ್ಟೆಯವರು ನೋಡಿದರು. ಬೇಲಿ ಮಾತ್ರ ಬೇರೆಯದು. ಖಾದರ್‌ಸಾಬನ ಮಂತ್ರ ತೆಲಿಗಿಯ ಗಡಿ ದಾಟುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ವಾಣಿಜ್ಯ ಪದವಿ ಪಡೆದ ತಲೆ ಅಲ್ಲಿಗೆ ನಿಂತಿತು.

ದೀಪಾವಳಿ ಹತ್ತಿರ ಬಂದಿತು. ದಲಾಲಿಗೆ ಫೋನು ಹೋಯಿತು. ಅವನು ಬರಬೇಕಾಗಿದ್ದ ದಿನ ಬೆಳಿಗ್ಗೆ ಅವ್ವ ಗಂಟೆಯನ್ನು ಗೂಟದಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಲು ಕುಳಿತಳು. ಅಂಥ ದಿನ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ. ತೊಳೆಯಲು ಎತ್ತಿದಾಗ ಗಂಟೆ ಢಣ್ ಎಂದಿತು. ಹಿತ್ತಲಿನ ಕೊನೆಯಲ್ಲಿ ಮೇಯುತ್ತಿದ್ದ ಚಿಕ್ಕಿ ತಲೆಯೆತ್ತಿ ಓಡಿ ಬಂದು ಅವ್ವನ ಬೆನ್ನ ಹಿಂದೆ ನೋಡಿತು, ಬಾಗಿಲೊಳಗೆ ಮೂತಿ ಹಾಕಿ ನೋಡಿತು, ಕೊಟ್ಟಿಗೆಯಲ್ಲಿ ಕೆಂಚಿಯನ್ನು ಕಟ್ಟುತ್ತಿದ್ದ ಮೂಲೆಗೆ ಹೋಗಿ ಮೂಸಿತು. ಮತ್ತೆ ಬಂದು ಅವ್ವನ ಮುಂದೆ ನಿಂತಿತು.

"ಅಯ್ಯೋ ನಮ್ಮವ್ವ," ಎಂದಳು ಅವ್ವ. "ಇದು ತನ್ನ ಅವ್ವನ್ನ ಹುಡುಕಾಕತ್ತೈತಲೋ ಮೈಲಾರಿ. ಸದ್ದು ಕೇಳತೈತಿ, ಆಕಿ ಕಾಣವಲ್ಲಳು. ಅದಕ್ಕ ಸೇತುವಿ ಕಡೆ ಓಡತೈತಿ. ನಾವು ಆಕಿ ಗಂಟಿ ತಂದು ಇದರ ಕೊರಳಿಗೇ ಕಟ್ಟೇವಿ."

ಆಮೇಲೆ ಅವ್ವ ಚಿಕ್ಕಿಯ ಕೊರಳನ್ನು ತಬ್ಬಿಕೊಂಡು, ಅಷ್ಟು ತಿಂಗಳು ಅಳದೆ ಉಳಿದದ್ದನ್ನೆಲ್ಲ ಅತ್ತಳು. ನಾನು ಪಕ್ಕದಲ್ಲಿ ಗಂಟೆ ಹಿಡಿದುಕೊಂಡು ನಿಂತಿದ್ದೆ. ದಲಾಲಿ ಬಂದಾಗ ಅವ್ವ ಅವನಿಗೆ ಚಹಾ ಕೊಟ್ಟು ವಾಪಸು ಕಳಿಸಿದಳು. ಮಾವ ಮುಖ ಊದಿಸಿಕೊಂಡ.

ಮುಖ ಊದಿಸಿಕೊಳ್ಳಲು ಅವನಿಗೂ ಕಾರಣವಿತ್ತು. ಚಿಕ್ಕಿಗೆ ಗಂಟೆ ಕಟ್ಟುವ ಹಾಗಿಲ್ಲ, ಗಂಟೆಯಿಲ್ಲದೆ ಕುರಿ ಬರುವುದಿಲ್ಲ. ದೊಡ್ಡ ಟಗರಿಗೆ ಕಟ್ಟಿ ನೋಡಿದೆವು. ಅದು ನೆಟ್ಟಗೆ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿತು. ಅದರ ಹಿಂದೆ ಇಡೀ ಹಿಂಡು, ಹಿಂಡಿನ ಜೊತೆ ಭಕ್ತಿಯಿಂದ ಚಿಕ್ಕಿ. ಹೊಲದವರು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ನಾನೇ ಗಂಟೆ ಹಾಕಿಕೊಂಡು ಚಿಕ್ಕಿಯ ಮೇಲೆ ಕುಳಿತೂ ನೋಡಿದೆ. ಅದು ನನ್ನ ಎದೆಯತ್ತ ಕತ್ತು ತಿರುಗಿಸಿಕೊಂಡು ನಿಂತಲ್ಲೇ ಗಾಣದೆತ್ತಿನಂತೆ ತಿರುಗಿತು. ಉಳಿದದ್ದು ಒಂದೇ ದಾರಿ. ಗಂಟೆ ಮುಂದಿರಬೇಕು, ಅದನ್ನು ಹೊತ್ತವನಿಗೆ ಹೊಲದವರ ಬೈಗುಳ ತಿಳಿಯಬೇಕು. ಅಂದರೆ ನಾನೇ.

ಹೀಗೆ ದೀಪಾವಳಿ ಮುಗಿದ ಮೇಲೆ ಅಪ್ಪನ ಕಂಬಳಿ ಹೊದ್ದು, ಕೈಯಲ್ಲಿ ಅಪ್ಪನ ಕೋಲು, ಕೊರಳಲ್ಲಿ ಕುದುರೆಯ ಗಂಟೆಯೊಂದಿಗೆ ನಾನು ಊರ ನಡುವಿನಿಂದ ಢಣ್ ಢಣ್ ಎಂದು ಹೊರಟೆ. ಹಿಂದೆ ಹೇರು ಹೊತ್ತು, ನನ್ನ ಬೆನ್ನಿಗೆ ಮೂತಿ ತಾಗಿಸಿಕೊಂಡು ಚಿಕ್ಕಿ. ಅಕ್ಕಿ ಚೀಲಕ್ಕಿಂತ ಶಾಂತವಾಗಿತ್ತು. ಕಟ್ಟೆಯವರು ಈ ಸಲ ಬಾಯಿ ತೆರೆದುಕೊಂಡು ಕುಳಿತಿದ್ದರು. ಈ ಸೀಮೆಯಲ್ಲಿ ನನಗೆ ಇನ್ನು ಹೆಣ್ಣು ಸಿಗುವುದಿಲ್ಲ ಎಂದು ಅಲ್ಲಿಗೆ ಖಚಿತವಾಯಿತು.

ನಮ್ಮ ದಾರಿಯಿರುವುದು ಆ ಸೇತುವೆಯ ಮೇಲೆಯೇ. ಅಲ್ಲಿ ಚಿಕ್ಕಿ ಹೇರು ಕೆಡವಿ ಓಡಬಹುದೆಂದು ಮಾವ ಓಡಿ ಬಂದು ಅದರ ಪಕ್ಕದಲ್ಲಿ ಹಗ್ಗ ಹಿಡಿದು ಸಿದ್ಧನಾದ. ಸೇತುವೆಯ ನಡುವೆ ಗಂಟೆಯ ಸದ್ದು ನಿಂತಿತು. ಗಂಟೆ ನಿಂತದ್ದಕ್ಕೆ ಕುದುರೆ ನಿಂತಿತು, ಕುರಿ ನಿಂತವು, ನಾಯಿ ನಿಂತಿತು. ಎದುರಿನಿಂದ ಬಂದ ಲಾರಿಯೂ ನಿಂತು ಹಾರ್ನು ಬಾರಿಸಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಏನಪಾ, ಯಾಕ ನಿಂತೈತಿ ನಿನ್ ಕುದುರಿ?" ಎಂದು ಕೂಗಿದ.

"ಒಂಚೂರು ಹಟಮಾರಿ ಐತ್ರಿ ಅಣ್ಣ," ಎಂದೆ ನಾನು. "ಎಷ್ಟು ಹೇಳಿದ್ರೂ ಇಲ್ಲಿ ಮುಂದ ಹೋಗವಲ್ದು."

ಚಿಕ್ಕಿ ಅಷ್ಟು ಹೊತ್ತಿನಿಂದಲೂ ಹಿಂದಿನಿಂದ ನನ್ನ ಬೆನ್ನನ್ನು ಮೂತಿಯಿಂದ ಮೆಲ್ಲಗೆ ನೂಕುತ್ತಿತ್ತು.