ಕಾಯಿ ಎದ್ದು ನಿಂತ ಜಾಗ

2003ರ ಏಪ್ರಿಲ್ 9, ಬುಧವಾರ, ಬೆಳಗ್ಗೆ ಆರೂಕಾಲು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ರಿವೈಂಡಿಂಗ್ ಮುನಾಫ್ ತನ್ನ ಅಂಗಡಿ ಪಕ್ಕದ ಸಿಮೆಂಟ್ ತೊಟ್ಟಿಗೆ ಇಣುಕಿ ಬೆಚ್ಚಿಬಿದ್ದ. ಹಿಂದಿನ ಸಂಜೆ ಟ್ಯಾಂಕರಿನಿಂದ ತುಂಬಿಸಿದ್ದ ನೀರು ಅರ್ಧಕ್ಕಿಳಿದಿತ್ತು.

ಬೋರಿನ ಮೋಟರನ್ನು ನೀರಲ್ಲಿ ಪೂರ್ತಿ ಮುಳುಗಿಸಿ ಓಡಿಸಿ ನೋಡದೆ ಅವನು ಯಾರಿಗೂ ಕೊಟ್ಟವನಲ್ಲ. ಅವನ ಸ್ವಂತ ಬೋರು ಬತ್ತಿ ವಾರವಾಗಿತ್ತು. ಸಂಜೆಯೊಳಗೆ ತುರುವೇಕೆರೆ ಕಡೆಯ ತೋಟದ ಶ್ರೀರಂಗಯ್ಯನವರ ಮೋಟರ್ ಕೊಡದಿದ್ದರೆ ಆ ಕಡೆಯ ಗಿರಾಕಿಗಳೆಲ್ಲ ತಿಪಟೂರಿಗೆ ತಿರುಗುವುದು ಖಂಡಿತ.

"ಅಣ್ಣಯ್ಯ, ರಾತ್ರಿ ಹೋಟ್ಲಿಗೆ ನೀರೇನಾದ್ರೂ ತಗೊಂಡ್ಯಾ?"

ಪಕ್ಕದ ಹೋಟೆಲಿನ ಅಣ್ಣಯ್ಯ ಸೌಟು ಹಿಡಿದೇ ಹೊರಬಂದ. "ನಿನ್ ತೊಟ್ಟಿ ನೀರಲ್ಲಿ ಟೀ ಕಾಯ್ಸಿದ್ರೆ ಗ್ರೀಸ್ ವಾಸ್ನೆಗೆ ಜನ ಬನ್ನು ಬುಟ್ಟು ಸ್ಪ್ಯಾನರ್ ಕೇಳ್ತಾರೆ ಕಣಪ್ಪ! ಸುಮ್ನೆ ಇನ್ನೊಂದು ಬೋರ್ ಕೊರೆಸು."

ಪೈಪಿನಂಗಡಿಯ ಜುಲ್ಫಿಕರ್ ತಕ್ಷಣ ಒಪ್ಪಿದ. "ಕೊರೆಸಿ ಭಾಯ್, ಪೈಪ್ ನಂದು." ಬೋರು ಕೊರೆಯುವ ರಿಗ್ಗಿನ ಏಜೆಂಟಂತೂ ರಿಗ್ ಲಾರಿಯನ್ನೇ ಸ್ಟಾರ್ಟ್ ಮಾಡಿದ.

ಮುನಾಫನ ಅಪ್ಪನ ಕಾಲಕ್ಕೆ ಕ್ರಾಸಿನಲ್ಲಿ ಇದ್ದದ್ದು ಒಂದು ಟೀ ಅಂಗಡಿ, ಒಂದು ಸೇದೋ ಬಾವಿ. ಬಾವಿ ಬತ್ತಿತು, ಕ್ರಾಸು ಚಿಗುರಿತು. ರಿಗ್ ಬಂತು, ಪೈಪು ಬಂತು, ಟ್ಯಾಂಕರ್ ಬಂತು. ನೀರು ಕೆಳಗಿಳಿದಷ್ಟೂ ಮೋಟರುಗಳು ಸುಟ್ಟವು; ಮೋಟರು ಸುಟ್ಟಷ್ಟೂ ಮುನಾಫನ ಮನೆ ಮೇಲೇರಿತು. ಅಪ್ಪನ ಬಾವಿ ಮುಚ್ಚಿಸಿ, ಮೇಲೆ ಅಂಗಡಿಯ ನೆಲ ಹಾಕಿಸಿದವನೂ ಅವನೇ.

ಹುಳಿಯಾರು ಕಡೆಯಿಂದ ನೀರು ನೋಡುವ ಚಿತ್ತಪ್ಪ ಬಂದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಿದ್ದೆಯ ಕೂಸನ್ನು ಹೊತ್ತವನಂತೆ ಸುತ್ತಾಡಿದ. ತೊಟ್ಟಿಯ ಪಕ್ಕಕ್ಕೆ ಬಂದದ್ದೇ ಕಾಯಿ ಸಟ್ಟನೆ ಎದ್ದು ನಿಂತಿತು.

"ಇಲ್ಲೇ ಕಣ್ರೀ! ಗಂಗವ್ವ ಮೇಲೇ ಅವ್ಳೆ!"

ರಿಗ್ ಗುಡುಗಿತು. ಜನ ನೆರೆಯಿತು. ಅಣ್ಣಯ್ಯನ ವಡೆ ಬಾಣಲೆಯಿಂದ ಏಳುವ ಮೊದಲೇ ಖಾಲಿಯಾಗುತ್ತಿತ್ತು. ಒಂಬತ್ತಡಿಗೆಲ್ಲ ಕೆಸರು ಚಿಮ್ಮಿ ಏಜೆಂಟನ ಬಿಳಿ ಅಂಗಿಗೆ ಬಿತ್ತು.

"ನೀರು! ಒಂಬತ್ತಡಿಗೇ ನೀರು!" ಜುಲ್ಫಿಕರ್ ಕುಣಿದ. ಮುನಾಫನ ಹೆಂಡತಿ ಫಾತಿಮಾ ಬೀ ಗಂಡನ ಬಾಯಿಗೆ ಸಕ್ಕರೆ ಹಾಕಿದಳು.

ಮುನಾಫ್ ಖುಷಿಗೆ ಒಂದು ಹಿಡಿ ಕೆಸರೆತ್ತಿದ. ಅದರ ಮೇಲೆ ಕಾಮನಬಿಲ್ಲಿನ ಬಣ್ಣಗಳು ತೇಲುತ್ತಿದ್ದವು. ಮೂಸಿದ. ಗ್ರೀಸು. ಅವನದೇ ಗ್ರೀಸು. ರಾತ್ರಿಯಿಡೀ ನೀರು ಕುಡಿದ ಕಳ್ಳ ತೊಟ್ಟಿಯ ತಳದ ಬಿರುಕೇ. ಅಪ್ಪನ ಬಾವಿಯ ನೀರಿಗೆ ಯಾವ ವಾಸನೆಯೂ ಇರಲಿಲ್ಲ ಎಂಬುದು ಅವನಿಗೆ ಆಗ ನೆನಪಾಗಬೇಕೆ?

"ನಿಲ್ಸ್ರೋ!" ಎಂದು ಕೂಗಿದ. ರಿಗ್ಗಿನ ಸದ್ದಿನಲ್ಲಿ, ಸಂತೋಷಕ್ಕೆ ಕೂಗುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು. ಅದುರಿ ಅದುರಿ ತೊಟ್ಟಿ ಎರಡಾಗಿ ಸೀಳಿತು. ಉಳಿದ ನೀರು ಗಟಗಟನೆ ಹೊಸ ಬೋರಿಗೇ ಇಳಿಯಿತು. ಅಲ್ಲಿಂದ ಕೆಳಗೆ ಏಳುನೂರು ಅಡಿಯವರೆಗೆ ಕೊರೆದರೂ ಬಂದದ್ದು ಬರೀ ಕಲ್ಲಿನ ಬಿಳಿ ಪುಡಿ.

ಸಂಜೆ ಮೋಟರಿಗೆಂದು ಬಂದ ಶ್ರೀರಂಗಯ್ಯನವರು ಒಡೆದ ತೊಟ್ಟಿ ನೋಡಿದರು. "ಮೋಟರ್ ಹಂಗೇ ಕೊಟ್ಬುಡು ಮುನಾಫ್, ತಿಪಟೂರಲ್ಲಿ ಮುಳುಗಿಸಿ ನೋಡ್ಕೋತೀನಿ. ಒಂಬತ್ತಡಿಗೇ ನೀರು ಬಂತಂತಲ್ಲ! ಚಿತ್ತಪ್ಪ, ನಾಳೆ ನಮ್ ತೋಟಕ್ಕೂ ಕಾಯಿ ಹಿಡ್ಕೊಂಡು ಬಾರಪ್ಪ." ಅವರ ಹಿಂದೆ ಇನ್ನೂ ನಾಲ್ವರು ರಿಗ್ಗಿಗೆ ಸಾಲುಗಟ್ಟಿದ್ದರು. ಕ್ರಾಸು ಮತ್ತಷ್ಟು ಬೆಳೆಯುವುದರಲ್ಲಿತ್ತು.

ಎಲ್ಲರೂ ಹೋದ ಮೇಲೆ ಮುನಾಫ್ ಒಡೆದ ತೊಟ್ಟಿಯ ಮೂಲೆಯಲ್ಲಿ ನಿಂತಿದ್ದ ನೀರಿಗೆ ಸ್ಕೇಲು ಇಳಿಸಿ ನೋಡಿದ. ಮುಕ್ಕಾಲು ಅಂಗುಲ. ಏಳುನೂರು ಅಡಿ ಕೊರೆಸಿ ಅವನಿಗೆ ಉಳಿದದ್ದು ಅಷ್ಟೇ ನೀರು.