ಕೆಮ್ಮಣ್ಣಿನ ದಿಣ್ಣೆಯಲ್ಲಿ ಮಲಗಿರುವವರಿಗೆ

ಮಾನ್ಯ ಮೂಳೆಯಜ್ಜನವರೇ,

ಇಪ್ಪತ್ತು ಕೋಟಿ ವರ್ಷಗಳಿಂದ ನಮ್ಮೂರ ಬೆಟ್ಟದ ಬುಡದಲ್ಲಿ ಮಗ್ಗುಲು ಬದಲಿಸದೆ ಮಲಗಿರುವ ತಮ್ಮ ಪಾದಗಳಿಗೆ, ಅಂದರೆ ಸದ್ಯ ಹೊರಗೆ ಕಾಣುತ್ತಿರುವ ಆ ಒಂದೇ ಪಾದಕ್ಕೆ, ಮಾಖೊಟ್ಸೊ ಎಂಬ ಮುದುಕಿಯ ನಮಸ್ಕಾರ. ತಮಗೆ ಶಾಂತಿ, ಮಳೆ, ಸಮೃದ್ಧಿ ಇರಲಿ. ಮೂರರಲ್ಲಿ ಮಳೆ ಬೇಡವೆಂದರೆ ಬೇಸರವಿಲ್ಲ, ಹೋದ ವರ್ಷದ ಮಳೆಯೇ ತಾನೆ ತಮ್ಮ ಹೊದಿಕೆ ಎಳೆದು ಕಾಲು ಬಯಲು ಮಾಡಿದ್ದು.

ಆ ಕಾಲು ಕಂಡದ್ದೇ ತಡ, ಪೇಟೆಯಿಂದ ಓದಿದವರು ಮೂಳೆಯ ಮಣ್ಣು ಕೊಡವುವ ಕುಂಚ ಹಿಡಿದು ಬಂದರು, ದಿಣ್ಣೆಗೆ ಮುಳ್ಳುತಂತಿ ಸುತ್ತಿದರು. ಇಲ್ಲಿಯ ಹೆಂಗಸರು ಮದುವೆಗೆ ಮುಂಚೆ ಗೋಡೆ ಸಾರಿಸುವ ಕೆಮ್ಮಣ್ಣು ಸಿಗುವುದು ಆ ದಿಣ್ಣೆಯೊಂದರಲ್ಲೇ ಎಂಬುದು ಅದರೊಳಗೇ ವಾಸವಿರುವ ತಮಗೆ ತಿಳಿಯದ್ದೇನಲ್ಲ. ಬರುವ ತಿಂಗಳು ನನ್ನ ಮೊಮ್ಮಗಳು ಪುಲೆಂಗ್‌ಳ ಮದುವೆ. ಹೆಣ್ಣಿಗೆ ತೆರವಾಗಿ ಕೊಡುವ ದನಗಳನ್ನು ಹೊಡೆದುಕೊಂಡು ಬರುವ ಗಂಡಿನ ಸೋದರತ್ತೆಯರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಗೋಡೆ ಬೋಳಾಗಿದ್ದರೆ, "ಈ ಮನೇಲಿ ಕೈ ಇರೋ ಹೆಂಗಸೇ ಇಲ್ಲ" ಅಂತ ದನಗಳನ್ನು ಬಂದ ದಾರಿಯಲ್ಲೇ ತಿರುಗಿಸುವ ಪೈಕಿ ಅವರು.

ಬುಟ್ಟಿ ಹಿಡಿದು ಬಂದ ನನ್ನನ್ನು ತಮ್ಮ ಕಾವಲಿನ ಮೊಹಾಪಿ ತಡೆದ. "ದಾಟಬೇಡ ಅಜ್ಜಿ, ಒಳಗೆ ಹಿರಿಯರು ಮಲಗವ್ರೆ" ಎಂದ.

"ನೀನು ಹಾಸಿಗೆ ಒದ್ದೆ ಮಾಡ್ಕೊಂಡು ಮಲಗ್ತಿದ್ದಾಗ ಎಬ್ಬಿಸ್ತಿದ್ದೋಳು ನಾನು ಕಣೋ. ಅವರನ್ನೂ ಎಬ್ಬಿಸ್ತೀನಿ, ಬಿಡು" ಎಂದೆ. ಬಿಡಲಿಲ್ಲ.

ಊರೊಡೆಯ ಥೆಕೊ ಅವರ ಬಳಿ ಹೋದರೆ, "ಅದು ಇಡೀ ದೇಶದ ಆಸ್ತಿ ಕಣಮ್ಮ" ಎಂದರು. "ಹಂಗಾದ್ರೆ ದೇಶಾನೇ ಬಂದು ನನ್ನ ಗೋಡೆ ಸಾರಿಸ್ಲಿ, ಒಡೆಯಾ. ಸಗಣಿ ನಾನೇ ಕಲಸಿಕೊಡ್ತೀನಿ" ಎಂದೆ. ಅವರಿಗೆ ತಟ್ಟನೆ ಬೇರೆ ಕೆಲಸ ನೆನಪಾಯಿತು.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ತಾವು ಒಂದು ದಿನವೂ ಊರ ಸಭೆಗೆ ಬಂದವರಲ್ಲ, ಯಾರ ಸಾವಿಗೂ ಹೆಗಲು ಕೊಟ್ಟವರಲ್ಲ, ಆದರೂ ತಮಗೆ ನೆರಳಿಗೆ ಬಟ್ಟೆ, ಕಾವಲಿಗೆ ಆಳು, ಮೈಯ ಧೂಳು ಒರೆಸಲು ಪೇಟೆಯ ಹೆಣ್ಣುಮಕ್ಕಳು. ನನ್ನ ಗಂಡ ಆಯುಷ್ಯವೆಲ್ಲ ಊರ ದನ ಕಾದು ಸತ್ತ, ಅವನ ಗೋರಿಗೆ ಕತ್ತೆ ಬರದಂತೆ ಬೇಲಿ ಹಾಕಿದವಳು ನಾನೊಬ್ಬಳೇ. ಕೆಲಸ ಮಾಡದೆ ಹೆಸರು ಗಳಿಸುವ ವಿದ್ಯೆಯನ್ನು ತಾವು ನಮ್ಮ ಗಂಡಸರಿಗೆ ಹೇಳಿಕೊಡಬೇಕಾಗಿಲ್ಲ, ಅವರು ಆಗಲೇ ಕಲಿತಿದ್ದಾರೆ.

ಆದ್ದರಿಂದ ಬೇಡುವುದಿಷ್ಟೇ. ದಯಮಾಡಿ ಸೊಂಟವನ್ನು ಒಂದು ಮೊಳ ಮೇಲಕ್ಕೆತ್ತಿ ಹಿಡಿದರೆ, ಕೆಳಗಿನ ಮಣ್ಣನ್ನು ತಮಗೆ ಕಚಗುಳಿಯಾಗದಂತೆ ಬಾಚಿಕೊಳ್ಳುತ್ತೇನೆ. ಅದು ಕಷ್ಟವೆನಿಸಿದರೆ, ಥೆಕೊ ಅವರ ಕನಸಿಗೆ ಹೋಗಿ ಎದೆಯ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ. ತಮಗೆ ಕಣ್ಣಿಲ್ಲವಾದ್ದರಿಂದ ಈ ಪತ್ರವನ್ನು ಬೇಲಿಗೇ ಕಟ್ಟಿದ್ದೇನೆ. ಹೋಗಿಬರುವವರು ಓದಿ ಹೇಳಲಿ.

ಮಣ್ಣು ಸಿಗುವ ತನಕ ಮಾತ್ರ ತಮ್ಮ ವಿಶ್ವಾಸಿ,
ಮಾಖೊಟ್ಸೊ

ಮರೆತ ಮಾತು: ಕುಂಚದ ಮೇಡಂ ದಿನವೂ ದಿಣ್ಣೆಯನ್ನು ಜರಡಿ ಹಿಡಿಯುತ್ತ, "ಮಿಕ್ಕಿದ್ದೆಲ್ಲ ಮಣ್ಣೊಳಗೇ ಇದೆ, ಬಾಲವೊಂದು ಸಿಕ್ಕಿದ್ರೆ ಪೂರ್ತಿ ಆಗ್ತಿತ್ತು" ಎಂದು ಕೊರಗುವುದನ್ನು ಕೇಳಿದ್ದೇನೆ. ಪುಲೆಂಗ್‌ಳ ಅವ್ವನ ಮದುವೆಗೆ ನಾನು ಅದೇ ಜಾಗದಿಂದ ಮಣ್ಣು ತಂದಾಗ, ಸಾಲಾಗಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ದುಂಡನೆಯ ಕಲ್ಲುಗಳು ಬಂದಿದ್ದವು. ಚೆನ್ನಾಗಿವೆಯೆಂದು ಅಡುಗೆಮನೆಯ ಗೋಡೆಗೆ ಹೂವಿನ ಎಸಳಾಗಿ ಒತ್ತಿದ್ದೇನೆ. ಮೇಡಂ ಚಹಾಕ್ಕೆ ಬರಬಹುದು, ಆ ಗೋಡೆಗೆ ಎದುರಾಗಿಯೇ ಕೂರಿಸುತ್ತೇನೆ. ಬರಿಗೈಯಲ್ಲಿ ಬರುವುದು ನಮ್ಮಲ್ಲಿ ರೂಢಿಯಿಲ್ಲ, ಮೂರು ಬುಟ್ಟಿ ಕೆಮ್ಮಣ್ಣು ತಂದರೆ ಸಾಕು. ಅಲ್ಲಿಯವರೆಗೆ ತಮ್ಮ ಬಾಲಕ್ಕೆ ಚಳಿಯಾಗದಂತೆ ಮೇಲೊಂದು ಕಂಬಳಿ ತೂಗುಹಾಕಿದ್ದೇನೆ.